ಒರೆಗಲ್ಲು ಯಾರ ಕೈಯಲ್ಲಿದೆ?

ಮೈಸೂರಿನ ವಾಯವ್ಯಕ್ಕೆ, ಹೆಬ್ಬಾಳ ಮತ್ತು ಮೇಟಗಳ್ಳಿಯ ಆಸುಪಾಸಿನಲ್ಲಿ, ಗುರುತಿನ ಚೀಟಿ ಇಲ್ಲದವರು ಒಳಗೆ ಕಾಲಿಡಲಾಗದ ಎರಡು ದೊಡ್ಡ ಆವರಣಗಳಿವೆ. ಒಂದು ಇನ್ಫೋಸಿಸ್ ಕಂಪನಿಯ ತರಬೇತಿ ಕೇಂದ್ರ. ಇನ್ನೊಂದರಲ್ಲಿ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯ ನೋಟು ಮುದ್ರಣಾಲಯವೂ ನೋಟಿನ ಕಾಗದ ತಯಾರಿಸುವ ಕಾರ್ಖಾನೆಯೂ ಇವೆ. ಅಮೆರಿಕ, ಯುರೋಪಿನ ಕಂಪನಿಗಳು ತಮ್ಮ ಕೆಲಸವನ್ನು ಹೊರದೇಶಕ್ಕೆ ಕಳಿಸಿದ್ದರಿಂದ ಮೊದಲನೆಯದು ಹುಟ್ಟಿತು. ನಾವು ಹೊರದೇಶದಲ್ಲಿ ಮಾಡಿಸುತ್ತಿದ್ದ ಕೆಲಸವನ್ನು ಮನೆಗೆ ತರಲೇಬೇಕೆಂದು ತೀರ್ಮಾನಿಸಿದ್ದರಿಂದ ಎರಡನೆಯದು ಬೆಳೆಯಿತು. ಕೆಲಸ ಕಡಲು ದಾಟುವಾಗ ಖರ್ಚನ್ನೂ ಗುಣಮಟ್ಟವನ್ನೂ ಹೇಗೆ ತೂಗಬೇಕು ಎಂಬ ಪ್ರಶ್ನೆಗೆ ಎರಡೂ ಕಡೆಯ ಸಾಕ್ಷ್ಯ ಇಷ್ಟು ಹತ್ತಿರದಲ್ಲಿ ಸಿಗುವ ಊರು ಅಪರೂಪ. ಈ ದತ್ತಿ ಉಪನ್ಯಾಸದ ವಿಷಯವನ್ನು ಆರಿಸಿಕೊಳ್ಳಲು ಅಷ್ಟೇ ಕಾರಣ ಸಾಕು.

ಈ ಚರ್ಚೆ ಸಾಮಾನ್ಯವಾಗಿ ಎರಡು ಮಾತಿಗೆ ಬಂದು ನಿಲ್ಲುತ್ತದೆ. ಕಂಪನಿಯ ಆಡಳಿತದವರು ‘ಅದೇ ಕೆಲಸ, ಕಡಿಮೆ ಖರ್ಚು’ ಎನ್ನುತ್ತಾರೆ. ಕೆಲಸ ಕಳೆದುಕೊಂಡವರು ‘ಕಡಿಮೆ ಖರ್ಚು, ಕಳಪೆ ಕೆಲಸ’ ಎನ್ನುತ್ತಾರೆ. ಗುಣಮಟ್ಟ ಎಂಬುದು ಯಾವುದೋ ಊರಿಗೋ ಜನಕ್ಕೋ ಅಂಟಿಕೊಂಡಿರುವ ಸಂಗತಿ ಎಂದು ಇಬ್ಬರೂ ನಂಬಿದಂತಿದೆ. ಕೆಲಸ ಎಲ್ಲಿ ನಡೆಯುತ್ತದೆ, ಮಾಡುವವರ ಸಂಬಳ ಎಷ್ಟು ಎಂಬುದರಿಂದ ಗುಣಮಟ್ಟ ತೀರ್ಮಾನವಾಗುವುದು ತೀರ ಕಡಿಮೆ ಎಂಬುದು ನನ್ನ ವಾದ. ಕೆಲಸ ಕಳಿಸಿದವನ ಬಳಿ ಅದನ್ನು ಪರೀಕ್ಷಿಸುವ ತಿಳಿವಳಿಕೆ ಉಳಿದಿದೆಯೇ ಎಂಬುದೇ ಮುಖ್ಯ. ಚಿನ್ನವನ್ನು ಎಲ್ಲಿಂದ ಬೇಕಾದರೂ ಕೊಳ್ಳಬಹುದು. ಒರೆಗಲ್ಲನ್ನು ಮಾತ್ರ ಮಾರುವವನ ಕೈಗೆ ಕೊಟ್ಟು ಬರಬಾರದು. ಉಳಿತಾಯದ ಭರದಲ್ಲಿ ಕಂಪನಿಗಳು ಮತ್ತೆ ಮತ್ತೆ ಮಾಡಿದ್ದು ಇದನ್ನೇ: ಕೆಲಸದ ಜೊತೆಗೆ ಒರೆಗಲ್ಲನ್ನೂ ಕಟ್ಟಿ ಕಳಿಸಿದವು.

ನೋಟಿನ ಕಥೆಯಿಂದ ಶುರುಮಾಡೋಣ. ತೊಂಬತ್ತರ ದಶಕದಲ್ಲಿ ನಾಸಿಕ ಮತ್ತು ದೇವಾಸದ ಸರ್ಕಾರಿ ಮುದ್ರಣಾಲಯಗಳಿಗೆ ನೋಟಿನ ಬೇಡಿಕೆ ಪೂರೈಸಲಾಗಲಿಲ್ಲ. 1995ರಲ್ಲಿ ರಿಸರ್ವ್ ಬ್ಯಾಂಕ್ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ್ ಎಂಬ ಸಂಸ್ಥೆ ಕಟ್ಟಿ ಮೈಸೂರಿನಲ್ಲೂ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲೂ ಹೊಸ ಮುದ್ರಣಾಲಯಗಳನ್ನು ತೆರೆಯಲು ಹೊರಟಿತು. ಅವು ಪೂರ್ಣ ಪ್ರಮಾಣದಲ್ಲಿ ಓಡುವ ಮೊದಲೇ, 1997-98ರಲ್ಲಿ, ಸರ್ಕಾರ ಒಂದು ಲಕ್ಷ ಕೋಟಿ ರೂಪಾಯಿ ಮುಖಬೆಲೆಯ ನೋಟುಗಳನ್ನು ಮೂರು ವಿದೇಶಿ ಕಂಪನಿಗಳಲ್ಲಿ ಮುದ್ರಿಸಿ ತರಿಸಿತು. 100 ರೂಪಾಯಿಯವು 200 ಕೋಟಿ, 500ರವು 160 ಕೋಟಿ ನೋಟು. ಅಮೆರಿಕದ ಅಮೆರಿಕನ್ ಬ್ಯಾಂಕ್‌ನೋಟ್, ಇಂಗ್ಲೆಂಡಿನ ಡೆ ಲಾ ರೂ, ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ಆ ಕೆಲಸ ಮಾಡಿದವು. ತುರ್ತಿತ್ತು, ಸಾಮರ್ಥ್ಯ ಸಾಲದಾಗಿತ್ತು, ಕೊಂಡದ್ದು ಹೆಸರುವಾಸಿ ಕಂಪನಿಗಳಿಂದ. ಸರ್ಕಾರದ ಕಡೆಯಿಂದ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಆದರೆ 2010ರಲ್ಲಿ ಸಂಸತ್ತಿನ ಸಾರ್ವಜನಿಕ ಉದ್ಯಮಗಳ ಸಮಿತಿ ಇದನ್ನು ಕಂಡು ದಿಗ್ಭ್ರಮೆ ವ್ಯಕ್ತಪಡಿಸಿತು. ಒಪ್ಪಂದಕ್ಕಿಂತ ಒಂದು ನೋಟು ಹೆಚ್ಚಾಗಿ ಅಚ್ಚಾಗಿದ್ದರೂ ನಮಗೆ ಗೊತ್ತಾಗುವ ದಾರಿ ಯಾವುದು ಎಂಬುದು ಅದರ ಆತಂಕ. ಯಾರೂ ಮೋಸ ಮಾಡಿದರೆಂದು ಸಮಿತಿ ಹೇಳಲಿಲ್ಲ. ಮೋಸವಾಗಿಲ್ಲವೆಂದು ಖಚಿತಪಡಿಸಿಕೊಳ್ಳುವ ಶಕ್ತಿ ನಮ್ಮಲ್ಲಿರಲಿಲ್ಲವಲ್ಲ ಎಂದು ಕೇಳಿತು.

ಅದೇ ವರ್ಷ ಕಾಗದದ ಹಗರಣ ಹೊರಬಂತು. ನೋಟಿನ ಕಾಗದ ಮರದ ತಿರುಳಿನಿಂದ ಆಗುವಂಥದಲ್ಲ, ಹತ್ತಿಯ ನಾರಿನದು. ಹಾಳೆ ಒದ್ದೆಯಾಗಿರುವಾಗಲೇ ಗಾಂಧೀಜಿಯ ನೆರಳುಚಿತ್ರ ಅದರೊಳಗೆ ಮೂಡಬೇಕು, ಭದ್ರತಾ ಎಳೆ ಅದರೊಳಗೆ ಕೂರಬೇಕು. ಆಮೇಲೆ ಪರೀಕ್ಷೆ. ಕಾಗದದ ಪಟ್ಟಿಯೊಂದನ್ನು ಯಂತ್ರದ ಹಿಡಿಯಲ್ಲಿ ಸಿಕ್ಕಿಸಿ, ಎಳೆದು ಹಿಡಿದು, ಹಿಂದಕ್ಕೂ ಮುಂದಕ್ಕೂ ಮಡಚುತ್ತಾರೆ. ಅದು ತುಂಡಾಗುವವರೆಗೆ ಎಷ್ಟು ಮಡಿಕೆ ತಾಳಿತೆಂದು ಯಂತ್ರ ಎಣಿಸುತ್ತದೆ. ಮೀನಿನ ಮಾರುಕಟ್ಟೆ, ಬಸ್ಸಿನ ಕಂಡಕ್ಟರ್, ಸೀರೆಯ ಸೆರಗಿನ ಗಂಟು ಇವನ್ನೆಲ್ಲ ತಾಳಬೇಕಾದ ಕಾಗದ ಸಾವಿರಾರು ಮಡಿಕೆ ತಡೆಯಬೇಕು. ಹರಿಯದೆ ಎಷ್ಟು ಎಳೆತ ತಾಳುತ್ತದೆ, ದಪ್ಪವೆಷ್ಟು, ಗಾಳಿ ಎಷ್ಟು ತೂರುತ್ತದೆ ಎಂಬುದಕ್ಕೂ ಇಂಥದೇ ಅಳತೆಗಳಿವೆ. ಹೀಗೆ ಬಂದ ಅಂಕಿಗಳನ್ನು ಪ್ರಮಾಣಪತ್ರದಲ್ಲಿ ಬರೆದು ಕಾಗದದ ಜೊತೆ ಗ್ರಾಹಕನಿಗೆ ಕಳಿಸುವುದು ರೂಢಿ. ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿದ್ದ ತನ್ನ ಓವರ್ಟನ್ ಕಾರ್ಖಾನೆಯ ಕೆಲವು ನೌಕರರು ಈ ಅಂಕಿಗಳನ್ನು ಬೇಕೆಂದೇ ತಿದ್ದಿದ್ದಾರೆಂದು 2010ರಲ್ಲಿ ಡೆ ಲಾ ರೂ ಒಪ್ಪಿಕೊಂಡಿತು. ಅದರ ಮುಖ್ಯಾಧಿಕಾರಿ ರಾಜೀನಾಮೆ ಕೊಟ್ಟರು. ಗ್ರಾಹಕ ಯಾರೆಂದು ಕಂಪನಿ ಹೇಳಲಿಲ್ಲ. ಅದು ನಮ್ಮ ರಿಸರ್ವ್ ಬ್ಯಾಂಕೇ ಎಂದು ಪತ್ರಿಕೆಗಳು ಬರೆದವು. ಕೊರತೆ ಅಲ್ಪ, ನೋಟಿನ ಭದ್ರತೆಗೆ ಧಕ್ಕೆಯಿಲ್ಲ ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಆ ಮಾತು ನಿಜವೇ ಇರಬಹುದು. ಆದರೆ ಗಮನಿಸಬೇಕಾದ್ದು ಬೇರೆ. ಇದು ಅಗ್ಗದ ದೇಶದ ಅಗ್ಗದ ಕಾರ್ಖಾನೆಯಲ್ಲ. ಎರಡು ಶತಮಾನದ ಹೆಸರು, ಇಂಗ್ಲೆಂಡಿನ ಸಂಬಳ, ತಲೆಮಾರುಗಳ ಕುಶಲ ಕೆಲಸಗಾರರು. ಹೆಚ್ಚು ಹಣ ಕೊಟ್ಟರೆ ಗುಣಮಟ್ಟ ತಾನಾಗಿ ಬರುತ್ತದೆ ಎನ್ನುವವರು ಈ ಪ್ರಸಂಗವನ್ನು ಒಮ್ಮೆ ಓದಬೇಕು.

2010ರ ಅಕ್ಟೋಬರಿನಲ್ಲಿ ಬ್ಯಾಂಕ್ ನೋಟ್ ಪೇಪರ್ ಮಿಲ್ ಸಂಸ್ಥೆ ಸ್ಥಾಪನೆಯಾಯಿತು. ಸರ್ಕಾರದ ಭದ್ರತಾ ಮುದ್ರಣ ನಿಗಮಕ್ಕೂ ರಿಸರ್ವ್ ಬ್ಯಾಂಕಿನ ಮುದ್ರಣ ಸಂಸ್ಥೆಗೂ ಅದರಲ್ಲಿ ಸಮಪಾಲು. ವರ್ಷಕ್ಕೆ 12,000 ಟನ್ ಸಾಮರ್ಥ್ಯದ ಕಾರ್ಖಾನೆ ಮೈಸೂರಿನ ಮುದ್ರಣಾಲಯದ ಮಗ್ಗುಲಲ್ಲೇ ಎದ್ದಿತು. ಇಂಥ ಕಾರ್ಖಾನೆ ಬೇಕೆಂಬ ಮಾತು ಮೊದಲಿನಿಂದಲೂ ಇತ್ತು, ಹಗರಣವೇ ಕಾರಣವೆಂದು ಹೇಳಲಾಗದು. 2022ರ ಮಾರ್ಚಿನಲ್ಲಿ ನೋಟಿನ ಶಾಯಿ ತಯಾರಿಸುವ ‘ವರ್ಣಿಕಾ’ ಘಟಕವೂ ಮೈಸೂರಿನಲ್ಲಿ ಆರಂಭವಾಯಿತು. ಹಾಗಂತ ಎಲ್ಲವನ್ನೂ ನಾವೇ ಮಾಡಬೇಕೆಂಬ ಹಟದ ಕಥೆಯಾಗಿ ಇದನ್ನು ಓದಬಾರದು. ಮೈಸೂರು ಮುದ್ರಣಾಲಯದ ಯಂತ್ರಗಳು ಸ್ವಿಟ್ಜರ್ಲೆಂಡಿನ ಕಂಪನಿಯವು. 1912ರಲ್ಲಿ ನಾಲ್ವಡಿಯವರು ಇಲ್ಲಿ ರೇಷ್ಮೆ ಕಾರ್ಖಾನೆ ತೆರೆದಾಗ ತರಿಸಿದ 32 ಮಗ್ಗಗಳೂ ಆ ದೇಶದವೇ. ಮಗ್ಗ ಹೊರಗಿನದಾದರೂ ಜರಿಯಲ್ಲಿ ಚಿನ್ನವೆಷ್ಟು, ಬೆಳ್ಳಿಯೆಷ್ಟು ಇರಬೇಕೆಂದು ತೀರ್ಮಾನಿಸುವವರು ಮೈಸೂರಿನಲ್ಲೇ ಉಳಿದರು. ಆದ್ದರಿಂದಲೇ ‘ಮೈಸೂರು ಸಿಲ್ಕ್’ ಎಂಬ ಹೆಸರಿಗೆ ಇವತ್ತಿಗೂ ಬೆಲೆಯಿದೆ.

ಈಗ ಇನ್ನೊಂದು ಆವರಣದ ಕಡೆಗೆ ಬರೋಣ. ಇಲ್ಲಿ ನಾವು ಕೊಳ್ಳುವವರಲ್ಲ, ಮಾರುವವರು. ಸಾಫ್ಟ್‌ವೇರ್ ಕೆಲಸ ಭಾರತಕ್ಕೆ ಬಂದದ್ದು ಸಂಬಳದ ಅಂತರದಿಂದ; ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆದರೆ ಆ ಅಂತರದ ಒಂದು ಪಾಲನ್ನು ಇನ್ಫೋಸಿಸ್ ಮೈಸೂರಿನಲ್ಲಿ ತರಬೇತಿಗೆ ಹಾಕಿತು. 2005ರಲ್ಲಿ ಮೊದಲ ಕೇಂದ್ರ, 2009ರಲ್ಲಿ ಎರಡನೆಯದು. ಒಟ್ಟಿಗೆ ಸುಮಾರು 14,000 ಮಂದಿ ಉಳಿದು ಕಲಿಯುವ ವ್ಯವಸ್ಥೆ. ಮೆಕ್ಯಾನಿಕಲ್ಲೋ ಸಿವಿಲ್ಲೋ ಓದಿ ಬಂದ ಹುಡುಗ ಹುಡುಗಿಯರನ್ನು ತಿಂಗಳುಗಟ್ಟಲೆ ಕೂರಿಸಿ, ಪ್ರೋಗ್ರಾಮಿಂಗ್ ಕಲಿಸಿ, ಪರೀಕ್ಷೆ ಮಾಡಿ, ಪಾಸಾದವರನ್ನು ಮಾತ್ರ ಯೋಜನೆಗಳಿಗೆ ಕಳಿಸುವ ಪದ್ಧತಿ ಅಲ್ಲಿ ಬೆಳೆಯಿತು. ಅದಕ್ಕೂ ಮೊದಲೇ, 1999ರಲ್ಲಿ, ಕಂಪನಿ ಸಾಫ್ಟ್‌ವೇರ್ ಕೆಲಸದ ಶಿಸ್ತನ್ನು ಅಳೆಯುವ ಸಿ.ಎಂ.ಎಂ. ಮಾನದಂಡದಲ್ಲಿ ಐದನೇ ಹಂತದ ಮಾನ್ಯತೆ ಪಡೆದಿತ್ತು. ಆ ಅಳತೆಗೋಲನ್ನು ರೂಪಿಸಿದ್ದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆ, ಅಲ್ಲಿನ ರಕ್ಷಣಾ ಇಲಾಖೆಯ ಹಣದಲ್ಲಿ. ಅಮೆರಿಕದವರ ಅಳತೆಗೋಲಿನಲ್ಲಿ ಅಮೆರಿಕದ ಎಷ್ಟೋ ಕಂಪನಿಗಳಿಗಿಂತ ಮೊದಲು ಭಾರತದ ಕಂಪನಿಗಳು ಕೊನೆಯ ಹಂತ ಮುಟ್ಟಿದವು. ಅಗ್ಗವೆಂದರೆ ಕಳಪೆ ಎಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಹಾಗಿದ್ದರೆ ದೂರುಗಳು ಏಕೆ ಬಂದವು? ಡೆಲ್ ಕಂಪನಿಯ ಪ್ರಸಂಗ ನೋಡಿ. ಗ್ರಾಹಕರ ಸಹಾಯವಾಣಿಯನ್ನು ಅದು ಬೆಂಗಳೂರಿಗೆ ತಂದಿತ್ತು. ದೂರುಗಳು ಹೆಚ್ಚಿ, 2003ರ ನವೆಂಬರಿನಲ್ಲಿ ಆಪ್ಟಿಪ್ಲೆಕ್ಸ್, ಲ್ಯಾಟಿಟ್ಯೂಡ್ ಕಂಪ್ಯೂಟರುಗಳನ್ನು ಬಳಸುವ ಕಂಪನಿ ಗ್ರಾಹಕರ ಕರೆಗಳನ್ನು ಅಮೆರಿಕಕ್ಕೆ ವಾಪಸು ಒಯ್ಯಿತು. ಮನೆಬಳಕೆಯ ಗ್ರಾಹಕರ ಕರೆಗಳು ಬೆಂಗಳೂರಿಗೇ ಬರುತ್ತಿದ್ದವು. ಎತ್ತಿದವರು ಅದೇ ಊರಿನ ಅಂಥದೇ ತರಬೇತಿಯ ಜನ. ವ್ಯತ್ಯಾಸವಿದ್ದದ್ದು ಕರೆ ಮಾಡಿದವರಲ್ಲಿ. ದೊಡ್ಡ ಕಂಪನಿಯ ಐ.ಟಿ. ವಿಭಾಗಕ್ಕೆ ಒಳ್ಳೆಯ ಉತ್ತರ ಯಾವುದು, ಬರೆದುಕೊಟ್ಟದ್ದನ್ನು ಓದುವ ಉತ್ತರ ಯಾವುದು ಎಂದು ಗೊತ್ತು. ಸಹಿಸದಿದ್ದರೆ ಮುಂದಿನ ಸಾವಿರ ಕಂಪ್ಯೂಟರನ್ನು ಬೇರೆ ಕಡೆ ಕೊಳ್ಳುವ ತಾಕತ್ತೂ ಇತ್ತು. ಮನೆಯ ಗ್ರಾಹಕನಿಗೆ ಎರಡೂ ಇರಲಿಲ್ಲ. ಇನ್ನು ಕರೆ ಕೇಂದ್ರಗಳ ಲೆಕ್ಕದ ಪುಸ್ತಕಕ್ಕೆ ಕಾಣುವುದು ಕರೆ ಎಷ್ಟು ನಿಮಿಷದಲ್ಲಿ ಮುಗಿಯಿತು, ದೂರಿನ ಟಿಕೆಟ್ ಎಷ್ಟು ಗಂಟೆಯಲ್ಲಿ ಕ್ಲೋಸ್ ಆಯಿತು ಎಂಬುದು. ಮರುದಿನ ಅದೇ ಮನುಷ್ಯ ಅದೇ ತೊಂದರೆಗೆ ಫೋನು ಮಾಡಿದರೆ ಅದು ಹೊಸ ಟಿಕೆಟ್. ಅಳೆಯುವ ವಿಷಯವನ್ನೇ ತಪ್ಪಾಗಿ ಆರಿಸಿಕೊಂಡವನಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇದಕ್ಕಿಂತ ಆಳವಾದ ನಷ್ಟ ಕೆಲಸ ಹಸ್ತಾಂತರದ ದಿನಗಳಲ್ಲಿ ಆಗುತ್ತದೆ. 2014-15ರಲ್ಲಿ ಕ್ಯಾಲಿಫೋರ್ನಿಯದ ವಿದ್ಯುತ್ ಕಂಪನಿ ಸದರ್ನ್ ಕ್ಯಾಲಿಫೋರ್ನಿಯ ಎಡಿಸನ್ ತನ್ನ ಐ.ಟಿ. ವಿಭಾಗದ ನೂರಾರು ಜನರನ್ನು ತೆಗೆದು ಆ ಕೆಲಸವನ್ನು ಇನ್ಫೋಸಿಸ್‌ಗೂ ಟಿ.ಸಿ.ಎಸ್‌.ಗೂ ಕೊಟ್ಟಿತು. ಫ್ಲಾರಿಡದಲ್ಲಿ ಡಿಸ್ನಿ ಸುಮಾರು 250 ಮಂದಿಯನ್ನು ಹೀಗೆಯೇ ಕಳಿಸಿತು. ಹೊರಡುವವರು ತಮ್ಮ ಜಾಗಕ್ಕೆ ಬಂದವರಿಗೆ ಕೆಲಸ ಕಲಿಸಿಕೊಟ್ಟು ಹೋಗಬೇಕಿತ್ತು. ನಮ್ಮ ಐ.ಟಿ.ಯವರು ದಿನವೂ ಆಡುವ ‘ಕೆ.ಟಿ.’, ಅಂದರೆ ನಾಲೆಜ್ ಟ್ರಾನ್ಸ್‌ಫರ್, ಎಂಬುದು ಇದೇ. ಯಾವ ಸರ್ವರ್ ಎಲ್ಲಿದೆ, ಯಾವ ಪ್ರೋಗ್ರಾಮು ಎಷ್ಟು ಹೊತ್ತಿಗೆ ಓಡಬೇಕು ಎಂಬುದೆಲ್ಲ ಅದರಲ್ಲಿ ದಾಟುತ್ತದೆ. ತಿಂಗಳ ಕೊನೆಯ ದಿನ ಮಾತ್ರ ಆ ಪ್ರೋಗ್ರಾಮನ್ನು ಕೈಯಿಂದ ನಿಲ್ಲಿಸಬೇಕು, ಏಕೆಂದರೆ ಹತ್ತು ವರ್ಷದ ಹಿಂದೆ ಹಾಗೆ ನಿಲ್ಲಿಸದೆ ಬಿಲ್ಲು ಎರಡೆರಡು ಸಲ ಹೋಗಿತ್ತು ಎಂಬಂಥ ತಿಳಿವಳಿಕೆ ದಾಟುವುದಿಲ್ಲ. ಅದು ಯಾವ ಕಡತದಲ್ಲೂ ಇರುವುದಿಲ್ಲ. ಮನೆಗೆ ಹೋಗಬೇಕಾದ ಮನುಷ್ಯನಿಗೆ ಅದನ್ನು ನೆನಪಿಸಿಕೊಂಡು ಹೇಳುವ ಉಮೇದೂ ಇರುವುದಿಲ್ಲ. ಹೊಸಬರು ಜಾಣರಿರಬಹುದು, ಮೈಸೂರಿನಲ್ಲಿ ಚೆನ್ನಾಗಿಯೇ ಕಲಿತಿರಬಹುದು. ಆದರೆ ಅವರ ತಪ್ಪನ್ನು ತಪ್ಪು ಎಂದು ಗುರುತಿಸಬಲ್ಲವರನ್ನು ಕೆಲಸ ಕೊಟ್ಟ ಕಂಪನಿಯೇ ಬಾಗಿಲ ಆಚೆ ಕಳಿಸಿರುತ್ತದೆ. ಎರಡು ವರ್ಷ ಬಿಟ್ಟು ಗುಣಮಟ್ಟ ಕುಸಿಯಿತೆಂದು ಗೊಣಗುವಾಗ ಆ ಕಂಪನಿ ತಾನು ಏನನ್ನು ಮಾರಿಕೊಂಡೆನೆಂದು ಕೇಳಿಕೊಳ್ಳುವುದಿಲ್ಲ.

ದೂರವೇ ದೋಷಕ್ಕೆ ಕಾರಣವೆನ್ನುವವರಿಗೆ ನಮ್ಮ ಆದಾಯ ತೆರಿಗೆ ಪೋರ್ಟಲ್ ಸಾಕು. 2019ರಲ್ಲಿ 4,242 ಕೋಟಿ ರೂಪಾಯಿಯ ಆ ಗುತ್ತಿಗೆ ಇನ್ಫೋಸಿಸ್‌ಗೆ ಸಿಕ್ಕಿತು. 2021ರ ಜೂನ್ 7ರಂದು ಪೋರ್ಟಲ್ ತೆರೆದುಕೊಂಡಿತು, ತೆರೆದ ದಿನದಿಂದಲೇ ತೊಡರಿತು. ಆಗಸ್ಟಿನಲ್ಲಿ ಹಣಕಾಸು ಸಚಿವಾಲಯ ಕಂಪನಿಯ ಮುಖ್ಯಸ್ಥರನ್ನು ಕರೆಸಿ ಕೇಳಿತು, ರಿಟರ್ನ್ ಸಲ್ಲಿಸುವ ಗಡುವು ಮುಂದಕ್ಕೆ ಹೋಯಿತು. ಕೆಲಸ ಕೊಟ್ಟವರೂ ಮಾಡಿದವರೂ ಇದೇ ದೇಶದವರು, ನಡುವೆ ಕಡಲೂ ಇಲ್ಲ, ಉಚ್ಚಾರಣೆಯ ತಕರಾರೂ ಇಲ್ಲ. ಪರೀಕ್ಷೆ ಮಾಡುವ ಕೆಲಸ ಕೊನೆಗೆ ತೆರಿಗೆದಾರರ ಪಾಲಿಗೆ ಬಂದಿತ್ತು, ಅಷ್ಟೆ.

ಇಲ್ಲಿ ಅರ್ಥಶಾಸ್ತ್ರಜ್ಞರ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. 2004ರಲ್ಲಿ ಅಮೆರಿಕದ ಅಧ್ಯಕ್ಷರ ಆರ್ಥಿಕ ಸಲಹೆಗಾರರಾಗಿದ್ದ ಗ್ರೆಗರಿ ಮ್ಯಾಂಕಿವ್, ಕೆಲಸ ಹೊರದೇಶಕ್ಕೆ ಹೋಗುವುದು ಅಂತರರಾಷ್ಟ್ರೀಯ ವ್ಯಾಪಾರದ ಹೊಸ ರೂಪವಷ್ಟೇ, ಬಹುಕಾಲದಲ್ಲಿ ಅದು ಲಾಭದ್ದೇ ಎಂಬ ಅರ್ಥದ ಮಾತಾಡಿ ಎರಡೂ ಪಕ್ಷಗಳಿಂದ ಬೈಸಿಕೊಂಡರು. ಅಗ್ಗವಾಗಿ ಸಿಗುವುದನ್ನು ಕೊಂಡು, ತಾನು ಚೆನ್ನಾಗಿ ಮಾಡಬಲ್ಲದ್ದನ್ನು ಮಾರುವುದೇ ಜಾಣತನ. ಗುಣಮಟ್ಟ ಕೆಟ್ಟರೆ ಗ್ರಾಹಕ ಬೇರೆಯವನ ಬಳಿ ಹೋಗುತ್ತಾನೆ, ಮಾರುಕಟ್ಟೆಯೇ ಪಾಠ ಕಲಿಸುತ್ತದೆ ಎಂಬುದು ಈ ಪಂಥದ ನಂಬಿಕೆ. ಅದೇ ವರ್ಷ ಪಾಲ್ ಸ್ಯಾಮ್ಯುಯೆಲ್ಸನ್ ಒಂದು ಪ್ರಬಂಧದಲ್ಲಿ ಎಚ್ಚರಿಕೆ ಹೇಳಿದರು: ಒಂದು ದೇಶದ ಬಲವಿದ್ದ ಕ್ಷೇತ್ರದಲ್ಲೇ ಇನ್ನೊಂದು ದೇಶ ಪಳಗಿಬಿಟ್ಟರೆ ಮೊದಲಿನದಕ್ಕೆ ಶಾಶ್ವತ ನಷ್ಟವೂ ಆಗಬಹುದು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಮಾರುಕಟ್ಟೆ ಪಾಠ ಕಲಿಸಬೇಕಾದರೆ ಕೊಳ್ಳುವವನಿಗೆ ಸರಕಿನ ಗುಣ ತಿಳಿಯಬೇಕು. ಪೆನ್ನು ಕೆಟ್ಟರೆ ಇಂದೇ ತಿಳಿಯುತ್ತದೆ. ಬ್ಯಾಂಕಿನ ಸಾಫ್ಟ್‌ವೇರ್ ಕೆಟ್ಟದ್ದು ಐದು ವರ್ಷಕ್ಕೆ ತಿಳಿದೀತು, ನೋಟಿನ ಕಾಗದ ಕೆಟ್ಟದ್ದು ನೋಟು ಹರಿಯುವಾಗ. ಉಳಿತಾಯ ಮಾತ್ರ ಮೊದಲ ಮೂರು ತಿಂಗಳ ಲೆಕ್ಕದಲ್ಲೇ ಕಾಣುತ್ತದೆ. ಅದನ್ನು ತೋರಿಸಿದ ಅಧಿಕಾರಿ ದೋಷ ಹೊರಬರುವ ಹೊತ್ತಿಗೆ ಬಡ್ತಿ ಪಡೆದು ಬೇರೆಲ್ಲೋ ಇರುತ್ತಾನೆ.

ಇನ್ನೊಂದು ಆಕ್ಷೇಪ: ಪರೀಕ್ಷಿಸುವವರನ್ನೂ ಉಳಿಸಿಕೊಂಡರೆ ಉಳಿತಾಯವೆಲ್ಲಿ ಬಂತು? ಈ ಮಾತಿಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಉಳಿತಾಯ ಖಂಡಿತ ಕಡಿಮೆಯಾಗುತ್ತದೆ. 2018ರಲ್ಲಿ ಬ್ರಿಟನ್ ತನ್ನ ನೀಲಿ ಪಾಸ್‌ಪೋರ್ಟಿನ ಗುತ್ತಿಗೆಯನ್ನು ಫ್ರೆಂಚ್-ಡಚ್ ಕಂಪನಿ ಗೆಮಾಲ್ಟೋಗೆ ಕೊಟ್ಟು ಹತ್ತು ಕೋಟಿ ಪೌಂಡಿಗೂ ಹೆಚ್ಚು ಉಳಿಯುತ್ತದೆ ಎಂದಿತು. ಪಾಸ್‌ಪೋರ್ಟು ಪೋಲೆಂಡಿನಲ್ಲಿ ಅಚ್ಚಾಗತೊಡಗಿತು. ಸೋತ ಕಂಪನಿ, ತನ್ನ ಬೆಲೆ ಹೆಚ್ಚಿದ್ದರೂ ಗುಣಮಟ್ಟವೂ ಭದ್ರತೆಯೂ ತನ್ನದೇ ಮೇಲು ಎಂದು ವಾದಿಸಿತು. ಆ ಕಂಪನಿ ಯಾವುದೆಂದರೆ ಡೆ ಲಾ ರೂ! ಮೈಸೂರಿನವರು ಇದನ್ನು ಓದಿ ನಕ್ಕಿದ್ದರೆ ತಪ್ಪೇನಿಲ್ಲ. ಬ್ರಿಟಿಷ್ ಸರ್ಕಾರದ ತೀರ್ಮಾನ ನನಗೆ ತಪ್ಪೆನ್ನಿಸುವುದಿಲ್ಲ. ಪಾಸ್‌ಪೋರ್ಟು ಹೇಗಿರಬೇಕೆಂದು ಹೇಳಬಲ್ಲವರು, ಬಂದದ್ದನ್ನು ಪರೀಕ್ಷಿಸಬಲ್ಲವರು ತನ್ನಲ್ಲಿ ಇರುವವರೆಗೆ ಅದು ಎಲ್ಲಿ ಅಚ್ಚಾದರೇನು? ಇಲ್ಲದಾಗ ಏನಾಗುತ್ತದೆಂದು ಜನರಲ್ ಮೋಟಾರ್ಸ್ ತೋರಿಸಿತು. ಐ.ಟಿ. ಕೆಲಸದ ಹತ್ತರಲ್ಲಿ ಒಂಬತ್ತು ಪಾಲನ್ನು ಹೊರಗಿನವರಿಗೆ ವಹಿಸಿದ್ದ ಆ ಕಂಪನಿ 2012ರಲ್ಲಿ ಲೆಕ್ಕವನ್ನು ತಲೆಕೆಳಗು ಮಾಡಿ, ಒಂಬತ್ತು ಪಾಲು ತನ್ನೊಳಗೇ ನಡೆಯಬೇಕೆಂದು ಸಾವಿರಾರು ಜನರನ್ನು ಹೊಸದಾಗಿ ನೇಮಿಸಿಕೊಳ್ಳಲು ಹೊರಟಿತು. ಬಿಟ್ಟುಕೊಟ್ಟ ತಿಳಿವಳಿಕೆಯನ್ನು ಮತ್ತೆ ಕೊಳ್ಳುವ ಈ ಖರ್ಚು ಮೊದಲ ಉಳಿತಾಯದ ಪಟ್ಟಿಯಲ್ಲಿ ಇರುವುದೇ ಇಲ್ಲ.

ಕೆಲಸ ಪಡೆಯುವ ಊರಾದ ಮೈಸೂರಿಗೆ ಈ ವಾದ ಏನು ಹೇಳುತ್ತದೆ? ಬರುವ ಕೆಲಸಕ್ಕೆ ಅಡ್ಡಗಾಲು ಹಾಕುವ ಮಾತು ಇದೆಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಅಗ್ಗವೆಂಬ ಒಂದೇ ಕಾರಣಕ್ಕೆ ಬಂದ ಕೆಲಸ ಇನ್ನೂ ಅಗ್ಗದ ಕಡೆ ಹೋಗುತ್ತದೆ. ಐಡಿಯಲ್ ಜಾವಾ ಕಾರ್ಖಾನೆಯನ್ನು ನೆನೆಯಿರಿ. ಚೆಕೊಸ್ಲೊವಾಕಿಯದ ತಂತ್ರಜ್ಞಾನ ತಂದು ಅರವತ್ತರ ದಶಕದ ಆರಂಭದಿಂದ ಯಾದವಗಿರಿಯಲ್ಲಿ ಬೈಕು ಕಟ್ಟಿದ ಕಂಪನಿ, ‘ಯೆಜ್ಡಿ’ಯನ್ನು ಮನೆಮಾತು ಮಾಡಿದ ಕಂಪನಿ, 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ರಸ್ತೆಗೆ ಬಂತು, ಕೆಲಸ ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಐ.ಟಿ.ಯಲ್ಲೂ ಆ ಅಪಾಯ ಇದ್ದೇ ಇದೆ. ಹೊಸದಾಗಿ ಅಲ್ಲಿಗೆ ಸೇರುವವರ ಸಂಬಳ ಹದಿನೈದು ವರ್ಷದಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಂದರೆ ನಾವು ಇಂದಿಗೂ ಬೆಲೆಯ ಮೇಲೆಯೇ ಮಾರುತ್ತಿದ್ದೇವೆ. 2025ರ ಫೆಬ್ರುವರಿಯಲ್ಲಿ ಮೈಸೂರಿನ ಆವರಣದಿಂದ 300ಕ್ಕೂ ಹೆಚ್ಚು ತರಬೇತಿಯವರನ್ನು, ಮೂರು ಅವಕಾಶದಲ್ಲೂ ಪರೀಕ್ಷೆ ಪಾಸಾಗಲಿಲ್ಲವೆಂದು, ಇನ್ಫೋಸಿಸ್ ಹೊರಗೆ ಕಳಿಸಿತು. ಅವರಲ್ಲಿ ಅನೇಕರು ಕೆಲಸದ ಪತ್ರ ಹಿಡಿದು ಎರಡು ವರ್ಷ ಕಾದವರು. ಪರೀಕ್ಷೆಯನ್ನು ಕಠಿಣಗೊಳಿಸಲಾಗಿತ್ತೆಂದು ನೌಕರರ ಪರವಾಗಿ ನಿಂತವರು ದೂರಿದರು. ಎಲ್ಲರಿಗೂ ಮೊದಲಿನಿಂದ ಇರುವ ನಿಯಮವೇ ಎಂದು ಕಂಪನಿ ಹೇಳಿತು. ಯಾರದು ಸರಿಯೆಂದು ತೀರ್ಪು ಕೊಡುವ ಜಾಗ ಇದಲ್ಲ. ಆದರೆ ಮಾರುಕಟ್ಟೆ ಇಳಿದಾಗ ಬಿಗಿಯಾಗಿ, ಏರಿದಾಗ ಸಡಿಲವಾಗುವ ಪರೀಕ್ಷೆ ಎಂಬ ಅನುಮಾನ ಒಮ್ಮೆ ಹುಟ್ಟಿದರೆ, ಇಷ್ಟು ವರ್ಷ ಮೈಸೂರು ಕಟ್ಟಿದ ಹೆಸರಿಗೇ ಅದರಿಂದ ಪೆಟ್ಟು.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ವಿದೇಶಿ ಕಂಪನಿಗಳು ಗುತ್ತಿಗೆ ಕಂಪನಿಗಳ ಬದಲು ಭಾರತದಲ್ಲಿ ತಮ್ಮದೇ ಕೇಂದ್ರಗಳನ್ನು ತೆರೆಯುತ್ತಿವೆ. ಅಂಥವು ದೇಶದಲ್ಲಿ 1,700ಕ್ಕೂ ಹೆಚ್ಚಿವೆ. ಊರು ಬದಲಾಗಲಿಲ್ಲ, ಸಂಬಳದ ಲೆಕ್ಕವೂ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಕೆಲಸ ಯಾರ ಕಣ್ಣಳತೆಯಲ್ಲಿ ನಡೆಯುತ್ತದೆ ಎಂಬುದು. ಆ ಕಂಪನಿಗಳು ಒರೆಗಲ್ಲನ್ನು ವಾಪಸು ತೆಗೆದುಕೊಳ್ಳುತ್ತಿವೆ, ಆದರೆ ಅದನ್ನು ಇಟ್ಟುಕೊಳ್ಳುತ್ತಿರುವುದು ನಮ್ಮ ನೆಲದಲ್ಲಿ. 2024ರ ನವೆಂಬರಿನಲ್ಲಿ ಕರ್ನಾಟಕ ಇಂಥ ಕೇಂದ್ರಗಳಿಗೆಂದೇ ಒಂದು ನೀತಿ ಪ್ರಕಟಿಸಿತು. 2029ರ ಹೊತ್ತಿಗೆ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗ ಅದರ ಗುರಿ. ಬೆಂಗಳೂರಿನ ಆಚೆಗೆ ಹೋಗಬೇಕೆಂಬ ಮಾತಿನಲ್ಲಿ ಮೈಸೂರಿನ ಹೆಸರೂ ಇದೆ. ಉದ್ಯೋಗವನ್ನು ತಲೆ ಎಣಿಸಿ ಲೆಕ್ಕ ಹಾಕುವ ಈ ಗುರಿಯ ಪಕ್ಕದಲ್ಲಿ ಇನ್ನೊಂದು ಕಾಲಂ ಬೇಕು. ಮೈಸೂರಿಗೆ ಬರುವ ಹುದ್ದೆಗಳಲ್ಲಿ ಎಷ್ಟು ಹುದ್ದೆಗಳಿಗೆ, ಸಿದ್ಧವಾದ ಕೆಲಸವನ್ನು ನೋಡಿ ‘ಇದು ಆಗುವುದಿಲ್ಲ, ವಾಪಸು ಕಳಿಸಿ’ ಎನ್ನುವ ಅಧಿಕಾರವಿದೆ? ನೋಟಿನ ಕಾಗದದ ಪ್ರಯೋಗಾಲಯದಲ್ಲಿ ಪಟ್ಟಿ ಮಡಚುವ ಯಂತ್ರದ ಮುಂದೆ ಕೂತ ನೌಕರನಿಗೆ ಆ ಅಧಿಕಾರವಿದೆ. ಹೆಬ್ಬಾಳದ ಕಂಪ್ಯೂಟರಿನ ಮುಂದೆ ಕೂತ ಎಷ್ಟು ಜನಕ್ಕಿದೆ ಎಂಬ ಅಂಕಿಯನ್ನು, ಈ ಕೇಂದ್ರಗಳಿಗೆ ರಿಯಾಯಿತಿ ಕೊಡುವ ಮೊದಲು, ಸರ್ಕಾರ ಕೇಳಿ ಪಡೆಯಬಹುದು.